ಕಾಯಕವೂ ಸಂಸಾರವೂ: ಮಂಗಳೂರಿನ ಒಬ್ಬ ವರ್ತಕನ ಬಾಳು

ಮನೆಮಠಗಳನ್ನು ತೊರೆದು ಅರಣ್ಯವನ್ನು ಸೇರಿದವನೇ ಮೋಕ್ಷಕ್ಕೆ ಅಧಿಕಾರಿಯೆಂಬ ಭಾವನೆಯು ಪ್ರಾಚೀನಕಾಲದಿಂದಲೂ ಜನಮನದಲ್ಲಿ ಬೇರೂರಿದೆ. ಶಿವಶರಣರು ಇದನ್ನು ಒಪ್ಪಲಿಲ್ಲ. ನೇಯ್ಗೆಯ ದಾಸಿಮಯ್ಯನು ದುಗ್ಗಳೆಯೊಡನೆ ಸಂಸಾರ ಮಾಡಿಯೇ ರಾಮನಾಥನನ್ನು ಒಲಿಸಿಕೊಂಡನು. ಮೇದರ ಕೇತಯ್ಯನು ಬಿದಿರನ್ನು ಸೀಳಿ ಬುಟ್ಟಿ ಹೆಣೆದನು. ಮೋಳಿಗೆಯ ಮಾರಯ್ಯನು ಕಟ್ಟಿಗೆಯ ಹೊರೆಯನ್ನು ಹೊತ್ತು ಮಾರಿದನು. ಇವರಾರೂ ಸಂಸಾರವನ್ನು ಹಗೆಯೆಂದು ತಿಳಿಯಲಿಲ್ಲ. ಅದನ್ನು ಸಾಧನೆಯ ಕ್ಷೇತ್ರವನ್ನಾಗಿ ಮಾಡಿಕೊಂಡರು. ಸತಿಪತಿಗಳಿಬ್ಬರೂ ಒಂದಾಗಿ ನಡೆಸುವ ಭಕ್ತಿಯು ಶಿವನಿಗೆ ಪ್ರಿಯವೆಂಬುದು ಶರಣಮಾರ್ಗದ ಮೂಲಭೂತವಾದ ನಂಬಿಕೆಗಳಲ್ಲಿ ಒಂದು.

ಆದರೆ ಇಲ್ಲಿ ಒಂದು ಪ್ರಶ್ನೆ ಉದ್ಭವಿಸುತ್ತದೆ. ಗೃಹಸ್ಥನು ದುಡಿಯುವುದು ಯಾರಿಗಾಗಿ? ಹೆಂಡತಿಮಕ್ಕಳಿಗಾಗಿ, ಒಡಹುಟ್ಟಿದವರಿಗಾಗಿ ಎಂಬುದು ಸಹಜವಾದ ಉತ್ತರ. ಹಾಗೆ ದುಡಿದವನ ದುಡಿಮೆಯೆಲ್ಲವೂ ಕಾಯಕವೆನಿಸುವುದೇ? ಅಥವಾ ಕಾಯಕವೆನಿಸಲು ಅದಕ್ಕಿಂತ ಹೆಚ್ಚಿನದೊಂದು ಬೇಕೆ? ವ್ಯಾಪಾರದಲ್ಲಿ ತೊಡಗಿರುವ ಭಕ್ತರಿಗೆ ಈ ಪ್ರಶ್ನೆಯು ದಿನದಿನವೂ ಎದುರಾಗತಕ್ಕದ್ದು. ಇದನ್ನು ವಿಚಾರಿಸುವುದಕ್ಕೆ, ಶರಣರ ಶತಮಾನದಲ್ಲಿಯೇ ಕನ್ನಡ ಕರಾವಳಿಯ ಮಂಗಳೂರಿನಲ್ಲಿ ಬಾಳಿ ವ್ಯಾಪಾರ ಮಾಡಿದ ಒಬ್ಬ ಪರದೇಶದ ವರ್ತಕನ ಚರಿತ್ರೆಯು ಬಹಳ ಉಪಕಾರಕವಾಗಿದೆ. ಆತನ ಹೆಸರು ಅಬ್ರಹಾಂ ಬೆನ್ ಯಿಜು.

ಚರಿತ್ರೆಯು ದೊರೆತ ಬಗೆ

ಬೆನ್ ಯಿಜು ಯಹೂದ್ಯ ಮತದವನು. ಯಹೂದ್ಯರಲ್ಲಿ ಒಂದು ಪದ್ಧತಿಯುಂಟು. ದೇವರ ನಾಮವಿರಬಹುದಾದ ಯಾವ ಬರೆಹವನ್ನೂ ಅವರು ಸುಡುವುದಿಲ್ಲ, ಕಸಕ್ಕೆ ಎಸೆಯುವುದಿಲ್ಲ. ಅಂತಹ ಕಾಗದಗಳನ್ನು ಪ್ರಾರ್ಥನಾಮಂದಿರದ ಒಂದು ಕೋಣೆಯಲ್ಲಿ ಇಟ್ಟುಬಿಡುತ್ತಾರೆ. ಆ ಸಂಗ್ರಹಕ್ಕೆ ಗೆನೀಜಾ ಎಂದು ಹೆಸರು. ಈಜಿಪ್ಟಿನ ಹಳೆಯ ಕೈರೋ ಎನಿಸಿದ ಫುಸ್ತಾತಿನ ಪ್ರಾರ್ಥನಾಮಂದಿರವೊಂದರಲ್ಲಿ ಹೀಗೆ ನೂರಾರು ವರ್ಷಗಳ ಕಾಗದಪತ್ರಗಳು ರಾಶಿಯಾಗಿ ಉಳಿದಿದ್ದವು. ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸರು ಅವುಗಳಲ್ಲಿ ಬಹುಭಾಗವನ್ನು ೧೮೯೭ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯಕ್ಕೆ ಸಾಗಿಸಿದರು. ಮುಂದೆ ಎಸ್. ಡಿ. ಗೊಯಿಟೈನ್ ಎಂಬ ಪಂಡಿತರು ದಶಕಗಳ ಕಾಲ ಶ್ರಮಿಸಿ, ಅವುಗಳಲ್ಲಿ ಭಾರತದೊಡನೆ ವ್ಯಾಪಾರ ಮಾಡಿದವರ ಪತ್ರಗಳನ್ನು ಬೇರ್ಪಡಿಸಿ ಓದಿದರು. ಅಮಿತಾವ ಘೋಷರು ೧೯೯೨ರಲ್ಲಿ ಪ್ರಕಟಿಸಿದ ಆಂಗ್ಲಗ್ರಂಥದಿಂದ ಈ ವರ್ತಕನ ಹೆಸರು ಸಾಮಾನ್ಯ ವಾಚಕರಿಗೂ ಪರಿಚಿತವಾಯಿತು.

ಬೆನ್ ಯಿಜುವಿಗೆ ಬಂದ ಪತ್ರಗಳು, ಆತನು ಬರೆದ ಪತ್ರಗಳು, ಲೆಕ್ಕದ ಚೀಟಿಗಳು ಈ ರಾಶಿಯಲ್ಲಿ ದೊರೆತಿವೆ. ಮಂಗಳೂರಿನಲ್ಲಿ ಕಾಗದವು ದೊರೆಯದಿದ್ದುದರಿಂದ ಏಡನ್ನಿನ ಸ್ನೇಹಿತರು ಅದನ್ನು ಹಡಗಿನಲ್ಲಿ ಕಳುಹಿಸುತ್ತಿದ್ದರು. ಆತನು ಬಂದ ಪತ್ರದ ಖಾಲಿ ಜಾಗದಲ್ಲಿಯೇ ತನ್ನ ಲೆಕ್ಕಪತ್ರಗಳನ್ನು ಬರೆದುಕೊಳ್ಳುತ್ತಿದ್ದನು. ಅದೇ ಶತಮಾನದಲ್ಲಿ ಘಟ್ಟದ ಮೇಲಿನ ಕನ್ನಡ ನಾಡಿನಲ್ಲಿ ಓಲೆಗರಿಯ ಮೇಲೆ ಕಂಟದಿಂದ ವಚನಗಳು ಬರೆಯಲ್ಪಡುತ್ತಿದ್ದವು. ಒಂದೆಡೆ ಕಾಗದ, ಇನ್ನೊಂದೆಡೆ ಓಲೆ. ಎರಡೂ ಬರೆಹಗಳು ಶತಮಾನಗಳ ಮರೆವನ್ನು ದಾಟಿ ಬಂದವು.

ಮಂಗಳಾಪುರದಲ್ಲಿ ಹದಿನೇಳು ವರ್ಷ

ಬೆನ್ ಯಿಜುವಿನ ಹುಟ್ಟೂರು ಉತ್ತರ ಆಫ್ರಿಕದ ಕಡಲ ತೀರದ ಮಹ್ದಿಯಾ. ಅದು ಇಂದಿನ ಟ್ಯುನೀಸಿಯಾ ದೇಶದಲ್ಲಿದೆ. ತಂದೆ ವಿದ್ಯಾವಂತನಾದ ಧರ್ಮಪಂಡಿತ. ಮಗನು ವ್ಯಾಪಾರವನ್ನು ಕೈಗೊಂಡು ಮೊದಲು ಏಡನ್ನಿಗೆ ಬಂದನು. ಅಲ್ಲಿ ವರ್ತಕಸಮೂಹಕ್ಕೆ ಹಿರಿಯನಾಗಿದ್ದ ಮದ್ಮೂನ್ ಎಂಬವನ ಆಶ್ರಯ ದೊರೆಯಿತು. ೧೧೩೨ರ ಹೊತ್ತಿಗಾಗಲೇ ಆತನು ಮಂಗಳೂರಿನಲ್ಲಿ ನೆಲಸಿದ್ದನು. ೧೧೪೯ರಲ್ಲಿ ಏಡನ್ನಿಗೆ ಹಿಂದಿರುಗುವವರೆಗಿನ ಹದಿನೇಳು ವರ್ಷಗಳ ಬಹುಭಾಗವನ್ನು ಈ ಕರಾವಳಿಯಲ್ಲಿಯೇ ಕಳೆದನು.

ಆಗ ತುಳುನಾಡನ್ನು ಆಳುತ್ತಿದ್ದವರು ಆಳುಪ ಅರಸರು. ಕವಿ ಆಳುಪೇಂದ್ರನ ಕಾಲ ಅದು. ಅರಬರು ಮಂಜರೂರ್ ಎಂದು ಕರೆಯುತ್ತಿದ್ದ ಮಂಗಳಾಪುರವು ನೇತ್ರಾವತಿ, ಗುರುಪುರ ನದಿಗಳು ಕಡಲನ್ನು ಸೇರುವ ಎಡೆಯಲ್ಲಿರುವುದರಿಂದ ಹಡಗುಗಳಿಗೆ ಅನುಕೂಲವಾದ ನೆಲೆಯಾಗಿತ್ತು. ಘಟ್ಟದ ಮೇಲಿನಿಂದಲೂ ತಪ್ಪಲಿನಿಂದಲೂ ಮೆಣಸು, ಏಲಕ್ಕಿ, ಅಡಿಕೆಗಳು ಅಲ್ಲಿಗೆ ಇಳಿದು ಬರುತ್ತಿದ್ದವು. ಬೆನ್ ಯಿಜು ಇವುಗಳನ್ನೂ ಕಬ್ಬಿಣವನ್ನೂ ಕೊಂಡು ಏಡನ್ನಿಗೆ ಕಳುಹಿಸುತ್ತಿದ್ದನು. ಏಡನ್ನಿನಿಂದ ಆತನ ಮನೆಗೆ ಸಕ್ಕರೆ, ಒಣದ್ರಾಕ್ಷಿ, ಬಟ್ಟೆ, ಕಾಗದಗಳು ಬರುತ್ತಿದ್ದವು.

ಸರಕನ್ನು ಕೊಂಡು ಮಾರುವುದರ ಜೊತೆಗೆ ಆತನು ಕಂಚಿನ ಕೆಲಸದ ಒಂದು ಕಾರ್ಯಾಗಾರವನ್ನೂ ನಡೆಸುತ್ತಿದ್ದನು. ಏಡನ್ನಿನವರು ತಾಮ್ರವನ್ನೂ ಒಡೆದ ಹಳೆಯ ಪಾತ್ರೆಗಳನ್ನೂ ಕಳುಹಿಸಿ, ಇಂತಹ ಅಳತೆಯ ದೀಪ, ಇಂತಹ ಆಕಾರದ ತಂಬಿಗೆ, ಇಂತಹ ತಟ್ಟೆ ಬೇಕೆಂದು ಬರೆದು ಮಾಡಿಸಿಕೊಳ್ಳುತ್ತಿದ್ದರು. ಮಂಗಳೂರಿನ ಕದ್ರಿಯಲ್ಲಿರುವ ಲೋಕೇಶ್ವರನ ಲೋಹವಿಗ್ರಹದ ಪೀಠದಲ್ಲಿ ಆಳುಪ ಕುಂದವರ್ಮನ ೯೬೮ರ ಶಾಸನವಿದೆ. ಬೆನ್ ಯಿಜು ಬರುವುದಕ್ಕೆ ಒಂದೂವರೆ ಶತಮಾನ ಮೊದಲೇ ಎರಕದ ಕೆಲಸವು ಈ ಊರಿನಲ್ಲಿ ಎಷ್ಟು ಗೌರವದ ಸ್ಥಾನವನ್ನು ಪಡೆದಿತ್ತೆಂಬುದನ್ನು ಆ ವಿಗ್ರಹವು ಇಂದಿಗೂ ಸಾರುತ್ತಿದೆ.

ಈ ವರ್ತಕನಿಗೂ ಕಲ್ಯಾಣದ ಶರಣರಿಗೂ ಪರಿಚಯವಿದ್ದಿತೆಂದು ಯಾರೂ ತಿಳಿಯಬಾರದು. ಬಸವಣ್ಣನವರ ಮಹಾಮನೆಯ ಕೀರ್ತಿಯು ನಾಡಿನಲ್ಲೆಲ್ಲಾ ಹಬ್ಬಿದ್ದು ಈತನು ಮಂಗಳೂರನ್ನು ಬಿಟ್ಟ ಮೇಲೆ. ಒಂದೇ ಶತಮಾನದ ಒಂದೇ ಕನ್ನಡ ನಾಡಿನಲ್ಲಿ ದುಡಿಮೆ, ಮನೆ, ಧರ್ಮ ಇವುಗಳನ್ನು ಕುರಿತು ಎರಡು ಕಡೆ ಎರಡು ಬಗೆಯ ಬಾಳು ನಡೆಯಿತೆಂಬುದಷ್ಟೇ ಇಲ್ಲಿ ಪ್ರಕೃತ. ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡಿದರೆ ಎರಡರ ತೂಕವೂ ತಿಳಿಯುತ್ತದೆ.

ನಂಬಿಕೆಯೇ ಬಂಡವಾಳ

ಆ ಕಾಲದ ಕಡಲ ವ್ಯಾಪಾರವು ನಿಂತದ್ದು ನಂಬಿಕೆಯ ಮೇಲೆ. ಮಂಗಳೂರಿನಲ್ಲಿ ಕುಳಿತವನು ಏಡನ್ನಿನಲ್ಲಿ ತನ್ನ ಮೆಣಸು ಯಾವ ಬೆಲೆಗೆ ಮಾರಾಟವಾಯಿತೆಂದು ಕಣ್ಣಿನಿಂದ ಕಾಣಲಾರನು. ಮಾರುತವು ಅನುಕೂಲವಾದಾಗ ಹಡಗು ಹೊರಡುವುದು. ಉತ್ತರ ಬರಲು ಮುಂದಿನ ಋತುವನ್ನು ಕಾಯಬೇಕು. ಇಂತಿರಲು, ಅಲ್ಲಿರುವ ಸ್ನೇಹಿತನು ಈತನ ಸರಕನ್ನು ತನ್ನದೆಂಬಂತೆ ಮಾರಿ, ಸುಂಕ, ಕೂಲಿ, ತೂಕಗಳ ಲೆಕ್ಕವನ್ನು ಬರೆದು ಕಳುಹಿಸಬೇಕು. ಈತನೂ ಅಲ್ಲಿಯವರ ಹಣದಿಂದ ಇಲ್ಲಿ ಒಳ್ಳೆಯ ಸರಕನ್ನು ಆರಿಸಿ ಕಳುಹಿಸಬೇಕು. ಮದ್ಮೂನ್, ಖಲಫ್ ಮೊದಲಾದವರೊಡನೆ ಬೆನ್ ಯಿಜುವಿನ ವ್ಯವಹಾರವು ಬಹುಮಟ್ಟಿಗೆ ಹೀಗೆ ಪರಸ್ಪರ ಸೇವೆಯಿಂದಲೇ ನಡೆಯಿತು.

ಒಮ್ಮೆ ಹಡಗು ಒಡೆದು, ಈತನ ಮೆಣಸು ನೀರುಪಾಲಾಯಿತು. ಕಬ್ಬಿಣದ ಒಂದು ಭಾಗವನ್ನು ಮುಳುಗುಗಾರರಿಂದ ಮೇಲೆತ್ತಿಸಲಾಯಿತು. ಅಲ್ಲಿಯ ಸ್ನೇಹಿತರು ಕಳೆದುದೆಷ್ಟು, ಉಳಿದುದೆಷ್ಟು ಎಂಬುದನ್ನು ಮರೆಮಾಚದೆ ಈತನಿಗೆ ತಿಳಿಸಿದರು. ಮುಳುಗಿತೆಂದು ಹೇಳಿ ಎಲ್ಲವನ್ನೂ ತಾವೇ ಇಟ್ಟುಕೊಂಡಿದ್ದರೆ ಕೇಳುವವರಿರಲಿಲ್ಲ. ಇನ್ನೊಂದು ಸಲ ಏಲಕ್ಕಿಯನ್ನು ಒದಗಿಸುವೆನೆಂದು ಮುಂಗಡ ಹಣವನ್ನು ಪಡೆದ ಸ್ಥಳೀಯ ದಲ್ಲಾಳಿಯೊಬ್ಬನು ಸರಕನ್ನು ಒಪ್ಪಿಸಲಿಲ್ಲ. ಆ ಬಾಕಿಯ ಮಾತು ಏಡನ್ನಿನ ಪತ್ರಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಒಬ್ಬನು ಕೊಟ್ಟ ಮಾತನ್ನು ತಪ್ಪಿದರೆ ಅದರ ನೋವು ಕಡಲಾಚೆಯ ಮನೆಯವರೆಗೂ ಹೋಗುತ್ತದೆಂಬುದಕ್ಕೆ ಇದು ನಿದರ್ಶನ.

ಶರಣರು ಕಾಯಕದಲ್ಲಿ ಮೊದಲು ಹುಡುಕುವ ಗುಣವೂ ಇದೇ. ಕಾಯದಿಂದ ನಡೆಯುವುದು ಕಾಯಕ. ಆದರೆ ಕಾಯವು ದುಡಿದ ಮಾತ್ರಕ್ಕೆ ಅದು ಕಾಯಕವಾಗದು, ಮನವು ಶುದ್ಧವಾಗಿರಬೇಕು. ತಕ್ಕಡಿ, ಅಳತೆ, ನಾಲಗೆ ಈ ಮೂರೂ ವರ್ತಕನಿಗೆ ದೇವರ ಸಾಕ್ಷಿಗಳು. ಶರಣರಲ್ಲಿಯೂ ವರ್ತಕರಿದ್ದರು. ಸೌರಾಷ್ಟ್ರದಿಂದ ವ್ಯಾಪಾರಕ್ಕಾಗಿ ಪುಲಿಗೆರೆಗೆ ಬಂದ ಆದಯ್ಯನು ಆ ಊರಿನ ಹೆಣ್ಣು ಪದ್ಮಾವತಿಯನ್ನು ವರಿಸಿ, ಅಲ್ಲಿಯೇ ಸೋಮನಾಥನನ್ನು ನೆಲೆಗೊಳಿಸಿದ ಚರಿತ್ರೆಯನ್ನು ಹರಿಹರ ಕವಿಯು ರಗಳೆಯಲ್ಲಿ ಹಾಡಿದ್ದಾನೆ. ಪರದೇಶದ ವರ್ತಕನು ಕನ್ನಡ ನಾಡಿನಲ್ಲಿ ಮನೆ ಮಾಡಿದ ಕಥೆಯು ಭಕ್ತರಿಗೆ ಹೊಸದಲ್ಲ.

ಮನೆ ಮತ್ತು ಮಕ್ಕಳು

ಬೆನ್ ಯಿಜುವೂ ಈ ನೆಲದಲ್ಲಿ ಮನೆ ಮಾಡಿದನು. ೧೧೩೨ನೆಯ ಅಕ್ಟೋಬರ್ ೧೭ರಂದು ಮಂಗಳೂರಿನಲ್ಲಿ ಆತನು ಒಂದು ಬಿಡುಗಡೆಯ ಪತ್ರವನ್ನು ಬರೆದನು. ಆಶು ಎಂಬ ಹೆಸರಿನ, ತಾನು ಕೊಂಡಿದ್ದ ದಾಸಿಯೊಬ್ಬಳನ್ನು ಆ ಪತ್ರದ ಮೂಲಕ ದಾಸ್ಯದಿಂದ ಬಿಡಿಸಿದನು. ಇನ್ನು ಮೇಲೆ ಆಕೆಯ ಒಡೆತನವು ಆಕೆಯದೇ, ಆಕೆಯ ಮೇಲೆ ಯಾರಿಗೂ ಹಕ್ಕಿಲ್ಲ ಎಂಬುದು ಅಂತಹ ಪತ್ರದ ತಾತ್ಪರ್ಯ. ಆಕೆಗೆ ಬೆರಾಖಾ ಎಂದು ಹೊಸ ಹೆಸರಾಯಿತು. ಅದಕ್ಕೆ ಆಶೀರ್ವಾದ ಎಂದರ್ಥ. ಆಕೆಯನ್ನೇ ಆತನು ಮದುವೆಯಾದನೆಂದೂ ಆತನ ಮಕ್ಕಳ ತಾಯಿ ಆಕೆಯೇ ಎಂದೂ ವಿದ್ವಾಂಸರು ನಿರ್ಣಯಿಸಿದ್ದಾರೆ.

ಮಗನಿಗೆ ಸುರೂರ್ ಎಂದು ಹೆಸರಿಟ್ಟರು, ಸಂತೋಷ ಎಂದರ್ಥ. ಮಗಳು ಸಿತ್ ಅಲ್-ದಾರ್. ಮನೆಯ ಒಡತಿ ಎಂದರ್ಥ. ಸಂತೋಷ, ಮನೆಯೊಡತಿ, ಆಶೀರ್ವಾದ ಎಂಬ ಈ ಮೂರು ಹೆಸರುಗಳೇ ಆ ಗೃಹಸ್ಥನ ಮನಸ್ಸು ಎಲ್ಲಿ ನೆಲಸಿತ್ತೆಂಬುದನ್ನು ತೋರಿಸುತ್ತವೆ.

೧೧೪೮ರಲ್ಲಿ ಸಿಸಿಲಿಯ ನಾರ್ಮನ್ ಅರಸನ ಸೈನ್ಯವು ಆತನ ಹುಟ್ಟೂರು ಮಹ್ದಿಯಾವನ್ನು ವಶಪಡಿಸಿಕೊಂಡಿತು. ಅಲ್ಲಿಯ ಬಂಧುಗಳು ದಿಕ್ಕಾಪಾಲಾದರು. ಮರುವರ್ಷ ಬೆನ್ ಯಿಜು ಮಕ್ಕಳೊಡನೆ, ಗಳಿಸಿದ ಸಂಪತ್ತಿನೊಡನೆ ಏಡನ್ನಿಗೆ ಬಂದಿಳಿದನು. ಬಂದವನೇ ೧೧೪೯ರ ಸೆಪ್ಟೆಂಬರಿನಲ್ಲಿ ಒಡಹುಟ್ಟಿದವರಿಗೆ ಪತ್ರ ಬರೆದನು. ತಾನೂ ಮಕ್ಕಳೂ ಕ್ಷೇಮವಾಗಿರುವುದನ್ನು ತಿಳಿಸಿ, ದೇವರು ಕೊಟ್ಟದ್ದು ಎಲ್ಲರ ಜೀವನಕ್ಕೂ ಸಾಕಾಗುವಷ್ಟಿದೆ, ಬಂದು ಸೇರಿರೆಂಬ ಅಭಿಪ್ರಾಯದಿಂದ ಕರೆದನು. ಇಷ್ಟು ವರ್ಷ ಪರದೇಶದಲ್ಲಿ ಕೂಡಿಟ್ಟದ್ದನ್ನು ಆತನು ತನ್ನೊಬ್ಬನದೆಂದು ಎಣಿಸಲಿಲ್ಲ. ಕಷ್ಟದಲ್ಲಿರುವ ರಕ್ತಸಂಬಂಧಿಗಳಿಗಾಗಿ ತನ್ನ ಕೈಯಲ್ಲಿ ಇರಿಸಲ್ಪಟ್ಟ ನಿಧಿಯೆಂದು ಭಾವಿಸಿದನು. ಇದು ಸಾಮಾನ್ಯವಾದ ಗುಣವಲ್ಲ. ಹಣವು ಬಂದಷ್ಟೂ ಬಂಧುಗಳು ದೂರವಾಗುವುದು ಲೋಕದ ರೂಢಿ.

ಆದರೆ ಈ ಪ್ರೀತಿಗೆ ದೊರೆತ ಪ್ರತಿಫಲವು ಕಹಿಯಾಗಿದ್ದಿತು. ಒಬ್ಬ ಸೋದರನು ಬಂದು, ಸಹಾಯವನ್ನು ಪಡೆದುದಲ್ಲದೆ ದೊಡ್ಡ ಮೊತ್ತವನ್ನು ವಂಚಿಸಿಕೊಂಡು ಹೋದನು. ಯೆಮನಿನಲ್ಲಿದ್ದಾಗಲೇ ಮಗ ಸುರೂರನು ತೀರಿಕೊಂಡನು. ಸಂತೋಷವೆಂಬ ಹೆಸರನ್ನು ಹೊತ್ತ ಮಗನನ್ನು ಮಣ್ಣಿಗಿಟ್ಟ ತಂದೆಗೆ ಉಳಿದವಳು ಮನೆಯೊಡತಿಯೆಂಬ ಹೆಸರಿನ ಮಗಳೊಬ್ಬಳೇ. ಆತನು ವಂಚಿಸಿದ ಸೋದರನನ್ನು ಕಂಡು ಎಲ್ಲ ಸೋದರರ ಮೇಲೂ ಮುನಿಯಲಿಲ್ಲ. ಸಿಸಿಲಿಯಲ್ಲಿ ಬಡತನದಲ್ಲಿದ್ದ ಯೂಸುಫ್ ಎಂಬ ಇನ್ನೊಬ್ಬ ಸೋದರನಿಗೆ ಪತ್ರ ಬರೆದು, ಮಗಳನ್ನು ಅವನ ಮಗ ಪೆರಾಹ್ಯನಿಗೆ ಕೊಡುವುದಾಗಿ ತಿಳಿಸಿದನು. ಹಣದಿಂದ ಮೋಸಹೋದವನು ಹಣವನ್ನೂ ಮಗಳನ್ನೂ ಮತ್ತೆ ನಂಬಿಕೆಯ ಕೈಗೇ ಒಪ್ಪಿಸಿದನು. ಸಂಸಾರಿಯ ಧೈರ್ಯವೆಂದರೆ ಇದು.

ಎರಡು ವಿವಾಹಗಳು

ಈ ವಿವಾಹದ ವಿಷಯದಲ್ಲಿ ವಿಚಾರ ಮಾಡತಕ್ಕ ಅಂಶವೊಂದಿದೆ. ಏಡನ್ನಿನ ಶ್ರೀಮಂತ ವರ್ತಕನೊಬ್ಬನು ಆ ಕನ್ಯೆಯನ್ನು ತನ್ನ ಮಗನಿಗೆ ಕೇಳಿದ್ದನು. ಅವಳು ಮೂರು ವರ್ಷ ಅವರ ಮನೆಯಲ್ಲಿಯೇ ಬೆಳೆದಿದ್ದಳು. ಅವರೂ ಯಹೂದ್ಯರೇ, ಯೋಗ್ಯರೇ. ಆದರೂ ತಂದೆಯು ಒಪ್ಪಲಿಲ್ಲ. ಪರರಾದ ಸಿರಿವಂತರಿಗಿಂತ ತನ್ನವನಾದ ಬಡವನೇ ಲೇಸೆಂದು ಬಗೆದನು. ಕೊನೆಗೆ ೧೧೫೬ರಲ್ಲಿ ಫುಸ್ತಾತಿನಲ್ಲಿ ಸಿತ್ ಅಲ್-ದಾರಳ ವಿವಾಹವು ಪೆರಾಹ್ಯನೊಡನೆ ನಡೆಯಿತು. ಆಕೆಗೆ ಕೊಟ್ಟ ಒಡವೆವಸ್ತುಗಳ ಪಟ್ಟಿಯೂ ಗೆನೀಜಾದಲ್ಲಿ ಉಳಿದಿದೆ. ಆಮೇಲೆ ಬೆನ್ ಯಿಜುವಿನ ಹೆಸರು ಪತ್ರಗಳಿಂದ ಮರೆಯಾಗುತ್ತದೆ. ಮಗಳನ್ನು ದಡ ಸೇರಿಸಿದ ತಂದೆಯು ಮತ್ತೆ ಕಾಣುವುದಿಲ್ಲ.

ಈ ವಿವಾಹವಾದ ಸುಮಾರು ಹನ್ನೊಂದು ವರ್ಷಗಳಲ್ಲಿ ಕಲ್ಯಾಣದಲ್ಲಿ ಇನ್ನೊಂದು ವಿವಾಹವು ನಡೆಯಿತು. ಬ್ರಾಹ್ಮಣಕುಲದಿಂದ ಬಂದು ಶರಣನಾದ ಮಧುವರಸನು ತನ್ನ ಮಗಳನ್ನು, ಸಮಗಾರ ಕುಲದಲ್ಲಿ ಹುಟ್ಟಿ ಶರಣನಾದ ಹರಳಯ್ಯನ ಮಗನಿಗೆ ಕೊಟ್ಟನು. ಮಗಳು ಯಾರ ಮನೆಯನ್ನು ಸೇರಬೇಕೆಂಬ ಪ್ರಶ್ನೆಗೆ ಆ ತಂದೆಯು ರಕ್ತಸಂಬಂಧದಲ್ಲಿ ಉತ್ತರವನ್ನು ಹುಡುಕಲಿಲ್ಲ. ಲಿಂಗವಂತನಾದವನೇ ಬಂಧುವೆಂದು ನಂಬಿದನು. ಅದಕ್ಕಾಗಿ ಇಬ್ಬರು ತಂದೆಯರೂ ಎಳೆಹೂಟೆಯ ಶಿಕ್ಷೆಗೆ ಗುರಿಯಾಗಿ ಪ್ರಾಣವನ್ನು ತೆತ್ತರು. ಕಲ್ಯಾಣವು ಕಲಕಿಹೋಯಿತು, ಶರಣರು ದಿಕ್ಕುದಿಕ್ಕಿಗೆ ನಡೆದರು.

ಇವೆರಡನ್ನು ಇದಿರಿಟ್ಟು ಮಂಗಳೂರಿನ ವರ್ತಕನನ್ನು ಹಳಿಯುವುದು ನ್ಯಾಯವಲ್ಲ. ಆತನು ಅಲ್ಪಸಂಖ್ಯಾತ ಸಮುದಾಯವೊಂದಕ್ಕೆ ಸೇರಿದವನು. ಊರು ಸೂರೆಹೋಗಿ ಬಂಧುಗಳು ಚದುರಿದವರು. ಒಬ್ಬ ಮಗನನ್ನು ಕಳೆದುಕೊಂಡವನು. ಮುರಿದ ಮನೆಯನ್ನು ಮತ್ತೆ ಕಟ್ಟಲು ಆತನಿಗೆ ಇದ್ದ ಸಾಧನವು ಮಗಳೊಬ್ಬಳೇ. ಅಲ್ಲದೆ, ಕನ್ನಡ ಕರಾವಳಿಯ ದಾಸಿಯೊಬ್ಬಳನ್ನು ಬಿಡುಗಡೆ ಮಾಡಿ ಮನೆಯೊಡತಿಯನ್ನಾಗಿ ಮಾಡಿಕೊಂಡಾಗ ಆತನೂ ಒಂದು ಎಲ್ಲೆಯನ್ನು ದಾಟಿದವನೇ. ಆದರೂ ಭೇದವು ಸ್ಪಷ್ಟವಾಗಿದೆ. ಆತನ ಪ್ರೀತಿಯು ತನ್ನವರೆಂಬ ವೃತ್ತದೊಳಗೆ ಪೂರ್ಣವಾಗಿತ್ತು. ಶರಣರು ಆ ವೃತ್ತವನ್ನೇ ಹಿಗ್ಗಿಸಿದರು. ಹುಟ್ಟಿನಿಂದ ಪರನಾದವನನ್ನು ಮನೆಯ ಮಗನೆಂದು ಎಣಿಸಿದರು. ಮನೆಯ ಪ್ರೀತಿ ಎಲ್ಲಿ ನಿಲ್ಲುವುದೋ ಅಲ್ಲಿಂದ ಶರಣಧರ್ಮವು ಮುಂದಡಿಯಿಡುತ್ತದೆ.

ದಾಸನೂ ದಾಸೋಹವೂ

ಬೆನ್ ಯಿಜುವಿನ ವ್ಯವಹಾರದಲ್ಲಿ ಇನ್ನೊಬ್ಬನ ಹೆಸರೂ ನೆನೆಯತಕ್ಕದ್ದು. ಆತನ ಬಳಿ ಬೊಮ್ಮನೆಂಬ ಸೇವಕನಿದ್ದನು. ಬೊಮ್ಮ ಎಂದರೆ ಬ್ರಹ್ಮ. ಕನ್ನಡ ಶಾಸನಗಳಲ್ಲಿ ಪದೇ ಪದೇ ಬರುವ ಹೆಸರು. ಶರಣರಲ್ಲಿಯೂ ಕಿನ್ನರಿ ಬೊಮ್ಮಯ್ಯನಿದ್ದಾನೆ. ಪತ್ರಗಳಲ್ಲಿ ಈತನನ್ನು ದಾಸನೆಂಬ ಅರ್ಥದ ಅರಬೀ ಮಾತಿನಿಂದ ಕರೆದಿದ್ದಾರೆ. ಆದರೆ ಆತನು ಮನೆಗೆಲಸದ ಆಳು ಮಾತ್ರವಾಗಿರಲಿಲ್ಲ. ಒಡೆಯನ ಸರಕಿನೊಡನೆ ಏಡನ್ನಿಗೆ ಹೋಗಿ ವ್ಯಾಪಾರವನ್ನು ನಡೆಸಿಕೊಂಡು ಬರುತ್ತಿದ್ದನು. ಅದಕ್ಕೆ ಮಾಸಿಕ ವೇತನವನ್ನು ಪಡೆಯುತ್ತಿದ್ದನು. ಏಡನ್ನಿನ ವರ್ತಕರು ಬೆನ್ ಯಿಜುವಿಗೆ ಪತ್ರ ಬರೆದಾಗ ಬೊಮ್ಮನಿಗೂ ವಂದನೆಗಳನ್ನು ತಿಳಿಸುತ್ತಿದ್ದರು.

ಹೀಗೆ ಗೌರವ ದೊರೆತರೂ ದಾಸನೆಂಬ ಹೆಸರು ತಪ್ಪಲಿಲ್ಲ. ಒಬ್ಬ ಮನುಷ್ಯನು ಇನ್ನೊಬ್ಬನ ಸೊತ್ತಾಗಿರುವುದನ್ನು ಆ ಕಾಲದ ಲೋಕವು, ಪೂರ್ವಪಶ್ಚಿಮಗಳೆರಡರಲ್ಲಿಯೂ, ಸಹಜವೆಂದು ಒಪ್ಪಿಕೊಂಡಿತ್ತು. ಶರಣರು ಇದೇ ದಾಸ ಶಬ್ದವನ್ನು ತೆಗೆದುಕೊಂಡು ಅದರ ಅರ್ಥವನ್ನು ಬದಲಿಸಿದರು. ‘ದಾಸಃ ಅಹಂ’ ಎಂಬುದು ಸಂಧಿಯಾಗಿ ‘ದಾಸೋಽಹಂ’ ಎಂದಾಗುತ್ತದೆ; ನಾನು ದಾಸನೆಂದರ್ಥ. ವೇದಾಂತಿಗಳ ‘ಸೋಽಹಂ’ ಎಂಬ ಘೋಷದಲ್ಲಿ ಅಹಂಕಾರವು ನುಸುಳಬಹುದೆಂದು ಶಂಕಿಸಿ, ಶರಣರು ದಾಸೋಹವನ್ನು ಎತ್ತಿಹಿಡಿದರು. ಇಲ್ಲಿ ದಾಸನನ್ನು ಯಾರೂ ಕೊಳ್ಳುವುದಿಲ್ಲ, ಮಾರುವುದಿಲ್ಲ. ಸ್ವತಂತ್ರನಾದವನೇ ತಾನಾಗಿ ಬಾಗುತ್ತಾನೆ. ಅರಸನ ಭಂಡಾರಿಯಾದ ಬಸವಣ್ಣನವರೂ ಬಾಗಿದರು. ಬಟ್ಟೆಯನ್ನು ಮಡಿ ಮಾಡುವ ಮಾಚಿದೇವನೂ ಬಾಗಿದನು. ಎಲ್ಲರೂ ಒಬ್ಬ ದೇವನಿಗೆ ದಾಸರಾದ ಮೇಲೆ ಮನುಷ್ಯನಿಗೆ ಮನುಷ್ಯನು ದಾಸನಾಗುವುದಕ್ಕೆ ಎಡೆಯೆಲ್ಲಿ?

ಗೃಹಸ್ಥನಾದ ವರ್ತಕನು ಗಮನಿಸಬೇಕಾದ ಮರ್ಮವು ಇದರಲ್ಲಿದೆ. ತನ್ನ ಮಕ್ಕಳಿಗೆ ಸಂತೋಷವೆಂದೂ ಮನೆಯೊಡತಿಯೆಂದೂ ಹೆಸರಿಟ್ಟು ಮುದ್ದಿಸುವವನ ಅಂಗಡಿಯಲ್ಲಿ, ಬೇರೊಬ್ಬರ ಮಗನು ಬೆಳಗಿನಿಂದ ಸಂಜೆಯವರೆಗೆ ಮೂಟೆಯನ್ನು ಹೊರುತ್ತಿರುತ್ತಾನೆ. ಅವನಿಗೂ ಒಂದು ಮನೆಯಿದೆ. ಅವನ ಕೂಲಿಯು ಅಂದಂದಿಗೆ, ಕಡಿಮೆಯಾಗದೆ, ಗೌರವದ ಮಾತಿನೊಡನೆ ಸಲ್ಲುವುದೇ? ಈ ಪ್ರಶ್ನೆಗೆ ಅಹುದೆಂದು ಹೇಳಬಲ್ಲವನ ವ್ಯಾಪಾರವು ಕಾಯಕದ ಹೊಸ್ತಿಲನ್ನು ಮುಟ್ಟಿದೆಯೆಂದು ತಿಳಿಯಬಹುದು.

ಲಕ್ಕಮ್ಮನ ಅಳತೆ

ಕಾಯಕದ ಅಳತೆಗೋಲನ್ನು ಆಯ್ದಕ್ಕಿ ಲಕ್ಕಮ್ಮನ ಮನೆಯಲ್ಲಿ ಕಾಣಬಹುದು. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳಿಗೆ ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಕಾಯಕ. ಅದರಿಂದಲೇ ಜಂಗಮದಾಸೋಹ, ಅದರ ಪ್ರಸಾದದಿಂದಲೇ ತಮ್ಮ ಜೀವನ. ಒಂದು ದಿನ ಮಾರಯ್ಯನು ಎಂದಿನದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಹಿಗ್ಗಲಿಲ್ಲ. ಈ ಹೆಚ್ಚು ಎಲ್ಲಿಂದ ಬಂದಿತು, ಇದು ನಮ್ಮದಲ್ಲ, ಆಸೆಯು ಭಕ್ತರಿಗೆ ತಕ್ಕದ್ದಲ್ಲವೆಂದು ತಿಳಿಹೇಳಿ, ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಕಳುಹಿಸಿದಳು.

ಗಂಡನು ಹೆಚ್ಚು ಗಳಿಸಿ ತಂದಾಗ ಎಲ್ಲಿಂದ ಬಂದಿತೆಂದು ಕೇಳುವ ಹೆಂಡತಿಯು ಲೋಕದಲ್ಲಿ ವಿರಳ. ಮನೆಯವರಿಗಾಗಿ ಮಾಡಿದೆನೆಂಬ ಸಮಾಧಾನದಿಂದಲೇ ಎಷ್ಟೋ ಮಂದಿ ಗೃಹಸ್ಥರು ತೂಕದಲ್ಲಿ ಕಳೆಯುತ್ತಾರೆ, ಬೆಲೆಯಲ್ಲಿ ಏರಿಸುತ್ತಾರೆ, ಕೂಲಿಯಲ್ಲಿ ಹಿಡಿಯುತ್ತಾರೆ. ಸಂಸಾರದ ಪ್ರೀತಿಯೇ ಅನ್ಯಾಯಕ್ಕೆ ನೆಪವಾಗುತ್ತದೆ. ಲಕ್ಕಮ್ಮನು ಆ ನೆಪವನ್ನು ಮನೆಯ ಬಾಗಿಲಲ್ಲಿಯೇ ತಡೆದಳು. ಹೀಗೆ ತಡೆಯುವ ಸಾಮರ್ಥ್ಯವು ಸತಿಪತಿಗಳಿಬ್ಬರಿಗೂ ಒಂದೇ ಸಮನಾಗಿ ಇರುವುದೇ ಶರಣರ ದಾಂಪತ್ಯದ ಹಿರಿಮೆ.

ಇಲ್ಲಿ ದಾಸೋಹದ ಕ್ರಮವನ್ನೂ ಗಮನಿಸಬೇಕು. ಸಾಮಾನ್ಯ ಗೃಹಸ್ಥನು ತಾನು ಉಂಡು, ಮಕ್ಕಳಿಗೆ ಉಣಿಸಿ, ನಾಳೆಗೆ ಇಟ್ಟು, ಆಮೇಲೆ ಉಳಿದರೆ ದಾನ ಮಾಡುತ್ತಾನೆ. ಶರಣನು ಮೊದಲು ಗುರುಲಿಂಗಜಂಗಮಕ್ಕೆ ಅರ್ಪಿಸಿ, ಉಳಿದುದನ್ನು ಪ್ರಸಾದವೆಂದು ಮನೆಯವರೊಡನೆ ಸ್ವೀಕರಿಸುತ್ತಾನೆ. ಯಜ್ಞಶೇಷವನ್ನು ಉಣ್ಣುವವನು ಪಾಪದಿಂದ ಮುಕ್ತನಾಗುತ್ತಾನೆಂದು ಗೀತೆಯೂ ಹೇಳುತ್ತದೆ. ಶರಣರು ಆ ಯಜ್ಞವನ್ನು ಹೋಮಕುಂಡದಿಂದ ಅಡಿಗೆಯ ಮನೆಗೆ ತಂದರು. ಹೆಂಡತಿಮಕ್ಕಳಿಗೆ ಇದರಿಂದ ಕೊರತೆಯಾಗುವುದಿಲ್ಲ. ಅವರ ಪಾಲಿನ ಅನ್ನವು ಪ್ರಸಾದವಾಗುತ್ತದೆ, ಅಷ್ಟೇ ಭೇದ.

ಪಾಠದ ಸಾರ

ಮಂಗಳೂರಿನ ಈ ವರ್ತಕನ ಬಾಳಿನಿಂದ ಭಕ್ತರು ಸ್ವೀಕರಿಸಬೇಕಾದುದು ಬಹಳವಿದೆ. ದೂರದಲ್ಲಿರುವವನ ಲೆಕ್ಕವನ್ನು ಕಣ್ಣೆದುರಿನಲ್ಲಿರುವವನ ಲೆಕ್ಕದಂತೆಯೇ ಕಾಪಾಡುವುದು. ದಾಸ್ಯದಲ್ಲಿದ್ದವಳಿಗೆ ಅವಳ ಒಡೆತನವನ್ನು ಹಿಂದಿರುಗಿಸಿ ಮನೆಯಲ್ಲಿ ಗೌರವದ ಸ್ಥಾನವನ್ನು ಕೊಡುವುದು. ಗಳಿಸಿದುದನ್ನು ಕಷ್ಟದಲ್ಲಿರುವ ಬಂಧುಗಳ ಪಾಲೆಂದು ತಿಳಿಯುವುದು. ಒಬ್ಬನು ವಂಚಿಸಿದನೆಂದು ಎಲ್ಲರ ಮೇಲೂ ಬಾಗಿಲನ್ನು ಮುಚ್ಚದಿರುವುದು. ಈ ನಾಲ್ಕೂ ಗುಣಗಳು ಯಾವ ಮತದಲ್ಲಿದ್ದರೂ ಪೂಜ್ಯವೇ. ಶರಣರು ಗುಣವನ್ನು ಕಂಡಲ್ಲಿ ಕುಲವನ್ನು ಕೇಳಿದವರಲ್ಲ.

ಆ ಬಾಳಿಗೆ ಶರಣರು ಸೇರಿಸುವ ಮಾತು ಒಂದೇ. ತನ್ನವರೆಂಬ ಮಾತಿನ ಎಲ್ಲೆಯನ್ನು ಹಿಗ್ಗಿಸಬೇಕು. ಮಗಳ ಮದುವೆಗಾಗಿ ಹಗಲಿರುಳು ಚಿಂತಿಸುವ ತಂದೆಯು, ಮೂಟೆ ಹೊರುವವನ ಮಗಳ ಮದುವೆಯನ್ನೂ ಒಂದು ಗಳಿಗೆ ಚಿಂತಿಸಿದರೆ ಅವನ ವ್ಯಾಪಾರಕ್ಕೆ ಕಾಯಕವೆಂಬ ಹೆಸರು ಒಪ್ಪುತ್ತದೆ. ಸಂಸಾರವನ್ನು ಬಿಡಬೇಕಾಗಿಲ್ಲ. ಅದರ ಬಾಗಿಲನ್ನು ತೆರೆದಿಡಬೇಕು.

ಮಂಗಳೂರಿನ ಬಂದರದ ಬೀದಿಗಳಲ್ಲಿ ಇಂದಿಗೂ ಸರಕು ಇಳಿಯುತ್ತದೆ, ಏರುತ್ತದೆ. ನಾಡಿನ ಪೇಟೆಪೇಟೆಗಳಲ್ಲಿಯೂ ಹಾಗೆಯೇ. ಸಂಜೆ ಲೆಕ್ಕದ ಪುಸ್ತಕವನ್ನು ಮಡಿಸುವ ಮುನ್ನ ಪ್ರತಿಯೊಬ್ಬ ಭಕ್ತ ವರ್ತಕನೂ ಲಕ್ಕಮ್ಮನ ಪ್ರಶ್ನೆಯನ್ನು ಒಮ್ಮೆ ತನಗೆ ತಾನೇ ಕೇಳಿಕೊಳ್ಳಲಿ: ಇಂದು ಮನೆಗೆ ಒಯ್ಯುವ ಈ ಹೆಚ್ಚು ಎಲ್ಲಿಂದ ಬಂದಿತು? ಉತ್ತರವು ನಿರ್ಮಲವಾಗಿದ್ದರೆ ಅದನ್ನು ನಿಶ್ಚಿಂತೆಯಿಂದ ಮಕ್ಕಳ ಕೈಗೆ ಕೊಡಬಹುದು. ನಿರ್ಮಲವಾಗಿಲ್ಲದಿದ್ದರೆ, ತಂದಲ್ಲಿಗೆ ಹಿಂದಿರುಗಿಸಲು ಆ ಸಂಜೆಗಿಂತ ಒಳ್ಳೆಯ ಹೊತ್ತು ಬೇರೆಯಿಲ್ಲ.